ಉಪ್ಪಿನ ಕೋಟೆಯ ಕುಂಟು

ನನ್ನ ಕಿವಿಗೆ ಕೊಳಲು ಕೇಳಿಸುವುದಿಲ್ಲ. ಮೂವತ್ತೆಂಟು ವರ್ಷ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತವಳಿಗೆ ಹಕ್ಕಿಯ ದನಿ, ಪಿಸುಮಾತು, ಸೊಸೆಯ ಗೊಣಗಾಟ ಯಾವುದೂ ದಕ್ಕದು. ಕೊನೆಯದು ದಕ್ಕದಿರುವುದರಿಂದಲೇ ಮನೆ ತಂಪಾಗಿದೆ. ಆದರೆ ನೆಲ ನಡುಗಿಸುವ ಸದ್ದು ಬಂದರೆ ಎಳೆ ಎಳೆಯಾಗಿ ಬಿಡಿಸಿ ಕೇಳಬಲ್ಲೆ. ಇದನ್ನು ಕಂಡುಹಿಡಿದವಳು ನನ್ನ ಮೊಮ್ಮಗಳು.

"ಅಜ್ಜಿ, ನಿನ್ನ ಕಿವಿಗೇ ಅಳತೆ ತಗೊಂಡು ಹೊಲಿದಿರೋ ಸಂಗೀತ ಕಣಜ್ಜಿ ಇದು," ಎಂದು ತನ್ನ ಕೋಣೆಗೆ ಕರೆದು ಕೂರಿಸಿ, ಗಿಟಾರು ಡ್ರಮ್ಮು ಗುಡುಗುವ ಮೆಟಲ್ ಸಂಗೀತ ಹಾಕಿದಳು. ಅಂದಿನಿಂದ ಐದು ವರ್ಷ, ಅವಳ ಹಾಸಿಗೆಯ ಪಕ್ಕದ ಕುರ್ಚಿ ನನ್ನದಾಗಿದೆ.

ಅದರಲ್ಲಿ ಎರಡು ಬಗೆ ಅವಳಿಗೆ ಪ್ರಾಣ. ಒಂದು ಪವರ್ ಮೆಟಲ್. ಗೆದ್ದೇ ಗೆಲ್ಲುತ್ತೇವೆಂದು ಕುದುರೆ ಬಿಟ್ಟು ಓಡಿಸುವ ಹಾಡುಗಳು. ಪ್ರತಿಯೊಂದರಲ್ಲೂ ಒಬ್ಬ ರಾಜ, ಒಂದು ಡ್ರ್ಯಾಗನ್. ಐದು ವರ್ಷವಾದರೂ ಯಾವ ರಾಜನಿಗೂ ಬುದ್ಧಿ ಬಂದಿಲ್ಲ. ಇನ್ನೊಂದು ಪ್ರೋಗ್ರೆಸಿವ್. ಅಲ್ಲಿ ಕುದುರೆ ಹತ್ತುವ ಮೊದಲು ಕಾಲೆಷ್ಟು ಎಂದು ಎಣಿಸುತ್ತಾರೆ. ತಾಳದ ಏಟು ನಾಲ್ಕಿದ್ದರೆ ಅವರಿಗೆ ಬೇಸರ. ಐದೋ ಏಳೋ ಇರಬೇಕು.

ಮೊಮ್ಮಗಳ ಕಸುಬು ಕಟ್ಟುಹಲ್ಲು ಮಾಡುವುದು. ಮನೆಯ ಮುಂಭಾಗದ ಕೋಣೆಯೇ ಅವಳ ಕೆಲಸದ ಜಾಗ. ನನ್ನ ಬಾಯಲ್ಲಿರುವುದೂ ಅವಳ ಕೈಕೆಲಸವೇ. ಹಾಡನ್ನು ಅವಳು ಮುಳ್ಳಿಟ್ಟು ತಿರುಗಿಸುವ ಗ್ರಾಮಫೋನ್ ತಟ್ಟೆಯಿಂದಲೇ ಕೇಳಬೇಕು. "ಫೋನಲ್ಲಿ ಕೇಳೋದು ಒಲೆ ಚಿತ್ರ ನೋಡಿ ಚಳಿ ಕಾಯಿಸ್ಕೊಂಡಂಗೆ," ಅನ್ನುತ್ತಾಳೆ.

ಎರಡು ಬೀದಿ ಆಚೆ ಒಂದು ರೆಕಾರ್ಡ್ ಅಂಗಡಿಯಿದೆ. ವರ್ಷದ ಕೊನೆಗೆ ಅಲ್ಲಿ ಅಭಿಮಾನಿಗಳೆಲ್ಲ ಸೇರುತ್ತಾರೆ. ಒಬ್ಬರು ಆ ವರ್ಷದ ಹತ್ತು ಉತ್ತಮ ಆಲ್ಬಮ್‌ಗಳ ಪಟ್ಟಿ ಓದುತ್ತಾರೆ. ಪಟ್ಟಿ ಮುಂದಿನ ವರ್ಷವಿಡೀ ಅಂಗಡಿಯ ಗಾಜಿನ ಮೇಲಿರುತ್ತದೆ. ಆರು ವರ್ಷದಿಂದ ಓದುತ್ತಿದ್ದವನು ಗಡ್ಡ. ಬೀಗ ರಿಪೇರಿಯವನು, ಗಡ್ಡ ಹೊಕ್ಕುಳಕ್ಕಿಳಿದಿದೆ. ಈ ಸಲ ಅಂಗಡಿಯಾತ ಮೊಮ್ಮಗಳಿಗೆ ಓದಲು ಹೇಳಿದ.

"ಹಲ್ಲು ಕಟ್ಟೋರಿಗೆ ತಾಳ ಎಲ್ಲಿಂದ ಬರಬೇಕು?" ಎಂದನಂತೆ ಗಡ್ಡ, ಎಲ್ಲರೆದುರಿಗೆ.

ಆ ಮಾತು ಅವಳಿಗೆ ನಾಟಿತ್ತು. ಒಂದು ತಿಂಗಳು ಊಟದ ಮೇಜಿನ ಮೇಲೂ ಕಾಗದ, ಪೆನ್ಸಿಲ್ಲು. ಆರನೆಯದು ಎಂಟಕ್ಕಿಳಿಯುತ್ತಿತ್ತು, ಎಂಟನೆಯದು ಮನೆ ಬಿಟ್ಟೇ ಹೋಗುತ್ತಿತ್ತು. ಮೊದಲನೆಯದು ಮಾತ್ರ ಕದಲಲಿಲ್ಲ. ಅದರ ಹೆಸರು 'ಉಪ್ಪಿನ ಕೋಟೆ'. ನೇರವಾಗಿ ಓಡುವ ಪವರ್ ಮೆಟಲ್, ಆದರೆ ಎರಡನೇ ಮಗ್ಗುಲಿನ ಮೂರನೇ ಹಾಡಿನ ನಡುವೆ ತಾಳ ಇದ್ದಕ್ಕಿದ್ದಂತೆ ಕುಂಟುತ್ತದೆ. ಎಂಟು ಸಲ ಕುಂಟಿ ಮತ್ತೆ ಓಡುತ್ತದೆ.

"ಏಳರ ತಾಳ ಅಜ್ಜಿ! ಗಾಯಗೊಂಡ ಕುದುರೆ ಅದು. ಯಾರೂ ಇದನ್ನ ಗಮನಿಸೇ ಇಲ್ಲ," ಎಂದು ಅವಳು ಕುಣಿದಾಡಿದ್ದಳು. ಅಂಗಡಿಯಲ್ಲಿ ಗಡ್ಡನಿಗೂ ಹೇಳಿದ್ದಳು. ಅವನು ಗಡ್ಡ ಸವರಿಕೊಂಡು, "ಏಳಲ್ಲಮ್ಮ ಅದು, ಹನ್ನೊಂದು. ನಾನು ಮೊದಲ ದಿನಾನೇ ಎಣಿಸಿದೀನಿ," ಎಂದಿದ್ದ.

ಓದುವ ದಿನ ಮಧ್ಯಾಹ್ನ ಮೊಮ್ಮಗಳು ಕೊನೆಯ ಸಲ ಆ ಹಾಡು ಹಾಕಿದಳು. ಏಳೋ ಹನ್ನೊಂದೋ ಇತ್ಯರ್ಥವಾಗಬೇಕಿತ್ತು. ಅವಳು ಕಣ್ಣು ಮುಚ್ಚಿ ಬೆರಳು ಮಡಚುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡಿದ್ದೆ. ಗಿರಣಿಯ ಚಾಳಿ ಅದು. ಸದ್ದು ಕೆಟ್ಟರೆ ಮೊದಲು ತಿರುಗುವುದನ್ನು ನೋಡಬೇಕು. ತಟ್ಟೆಯ ನಡುವಿನ ಕಾಗದದಲ್ಲಿ ಒಂದು ಕೆಂಪು ಗೋಪುರವಿತ್ತು. ಹಾಡು ಕುಂಟಿದಾಗಲೆಲ್ಲ ಆ ಗೋಪುರ ಕಿಟಕಿಯ ಕಡೆಗೇ ಇರುತ್ತಿತ್ತು. ಎಂಟು ಸಲವೂ ಅಷ್ಟೇ.

ನನಗೆ ಗಿರಣಿಯ ದಿನ ನೆನಪಾಯಿತು. ಹಿಂದೆ ಒಮ್ಮೆ ನನ್ನ ಮಗ್ಗ ಅಲ್ಲೊಂದು ಇಲ್ಲೊಂದು ಎಳೆ ಬಿಟ್ಟು ನೇಯತೊಡಗಿತ್ತು. ಕೊಳ್ಳಲು ಬಂದವರು ಹೊಸ ಡಿಸೈನು ಎಂದು ಹೊಗಳಿದರು. ಮೇಸ್ತ್ರಿ ಎದೆಯುಬ್ಬಿಸಿ ಇನ್ನೂ ನೂರು ತಾನು ಬಟ್ಟೆಗೆ ಒಪ್ಪಿಕೊಂಡ. ಅಷ್ಟರಲ್ಲಿ ಫಿಟರ್ ಮಗ್ಗ ಸರಿಮಾಡಿಬಿಟ್ಟಿದ್ದ. ಆ ತಪ್ಪನ್ನು ಮತ್ತೆ ತರಲು ತಿಂಗಳಿಡೀ ಹೆಣಗಾಡಿದೆವು, ಬರಲಿಲ್ಲ. ಅದು ಡಿಸೈನಲ್ಲ, ಮಗ್ಗದ ತಪ್ಪು ಎಂದು ನನಗೆ ಮೊದಲೇ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಮೇಸ್ತ್ರಿಯ ಮುಖ ನಲವತ್ತು ವರ್ಷವಾದರೂ ಕಣ್ಣಿಗೆ ಕಟ್ಟಿದಂತಿದೆ.

"ಮಗಾ," ಎಂದೆ, "ಆ ಡ್ರಮ್ ಬಾರಿಸೋನಿಗೆ ನಮ್ಮನೆ ಕಿಟಕಿ ಎಲ್ಲಿದೆ ಅಂತ ಹೆಂಗೆ ಗೊತ್ತಾಯ್ತು?"

"ಏನಜ್ಜಿ ಹಂಗಂದ್ರೆ?"

"ಮತ್ತೆ ಹಾಕು. ಕಣ್ಣು ಬಿಟ್ಕೊಂಡು ಕೇಳು. ಗೋಪುರ ನೋಡ್ತಿರು."

ಹಾಕಿದಳು. ಮೂರನೇ ಕುಂಟಿಗೇ ಮುಳ್ಳು ಎತ್ತಿಬಿಟ್ಟಳು. ತಟ್ಟೆ ಎತ್ತಿ, ಹಲ್ಲು ನೋಡುವ ಭೂತಗನ್ನಡಿ ತಂದು ಬಗ್ಗಿದಳು. ನಾನೂ ಬಗ್ಗಿದೆ. ಗೆರೆಗಳ ಮೇಲೆ ಗಸಗಸೆ ಕಾಳಿಗಿಂತ ಚಿಕ್ಕದೊಂದು ಚುಕ್ಕೆ. ಗುಲಾಬಿ ಬಣ್ಣ.

"ಅಯ್ಯೋ, ಇದು ನನ್ನ ಒಸಡಲ್ವೇನೇ!" ಎಂದುಬಿಟ್ಟೆ.

ಹೌದು, ಕಟ್ಟುಹಲ್ಲಿನ ಒಸಡಿನ ಅಚ್ಚು ತಿದ್ದುವ ಮೇಣ. ಕೆಲಸದ ಕೈಯಲ್ಲೇ ತಟ್ಟೆ ಹಿಡಿದಿದ್ದಾಳೆ. ಮುಳ್ಳು ಪ್ರತಿ ಸುತ್ತಿಗೂ ಅದನ್ನು ಎಡವಿ ಪಕ್ಕದ ಗೆರೆಗೆ ಹಾರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವಳು ನೆಲದ ಡೊಂಕನ್ನೇ ಕುಣಿತ ಅಂದಿದ್ದಳು.

ಉಗುರಿನಿಂದ ಮೆಲ್ಲಗೆ ಬಿಡಿಸಿ ಮತ್ತೆ ಹಾಕಿದಳು. ಹಾಡು ಎಣ್ಣೆ ಹಾಕಿದ ಮಗ್ಗದಂತೆ ನೇರ ಓಡಿತು. ಕುದುರೆಗೆ ನಾಲ್ಕೇ ಕಾಲು.

ಅವಳು ಹಾಸಿಗೆಯ ಅಂಚಿಗೆ ಕುಸಿದಳು. "ಸುಮ್ನಿದ್ಬಿಡ್ಲಾ ಅಜ್ಜಿ? ಏಳು ಅಂತಾನೇ ಓದ್ತೀನಿ. ಗಡ್ಡನೇ ಹನ್ನೊಂದು ಅಂತಾನೆ. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಆದ್ರೆ ವರ್ಷವಿಡೀ ಆ ಪಟ್ಟಿ ಅಂಟಿಸಿದ ಗಾಜಿನ ಮುಂದೆ ಓಡಾಡೋಳು ನೀನು."

ಅವಳು ಪೆನ್ಸಿಲ್ ಕೈಗೆತ್ತಿಕೊಂಡಳು.

ಸಂಜೆ ಅಂಗಡಿಯಲ್ಲಿ ಮೂವತ್ತು ಜನ, ಎಲ್ಲರಿಗೂ ಕಪ್ಪು ಅಂಗಿ. ನನಗೆ ಸ್ಪೀಕರಿನ ಪಕ್ಕದ ಸ್ಟೂಲು ಕೊಟ್ಟರು. ಮೊಮ್ಮಗಳು ಹತ್ತರಿಂದ ಓದುತ್ತ ಬಂದು ನಾಲ್ಕಕ್ಕೆ ನಿಂತಳು.

"ನಾಲ್ಕನೇದು 'ಉಪ್ಪಿನ ಕೋಟೆ'. ಇವತ್ತು ಮಧ್ಯಾಹ್ನದವರೆಗೂ ಇದೇ ಮೊದಲನೇದು," ಎಂದು ಒಸಡಿನ ಮೇಣದ ಕತೆಯನ್ನೆಲ್ಲ ಬಿಚ್ಚಿಟ್ಟಳು. "ಮೇಣ ತೆಗೆದ ಮೇಲೂ ಚೆನ್ನಾಗಿದೆ. ಅದಕ್ಕೇ ನಾಲ್ಕು."

ಮೆಲ್ಲಮೆಲ್ಲಗೆ ತಲೆಗಳೆಲ್ಲ ಗಡ್ಡನ ಕಡೆ ತಿರುಗಿದವು.

"ನೀನು ಹನ್ನೊಂದು ಎಣಿಸಿದ್ದೆ ಅಲ್ವೇನಣ್ಣ?" ಎಂದ ಅಂಗಡಿಯಾತ.

ಗಡ್ಡದೊಳಗಿನ ಮುಖ ಕೆಂಪಾಯಿತು. "ನನ್ನ ತಟ್ಟೆ ಮೇಲೂ ಏನೋ ಅಂಟಿರಬೇಕು."

"ಗಡ್ಡದ ಕೂದ್ಲು!" ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ. ಕಪಾಟಿನ ತಟ್ಟೆಗಳು ಅಲುಗುವಂತೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಡ್ಡನೇ. ನನ್ನ ಬಳಿ ಬಂದು, "ಅಜ್ಜಿ, ನಾನು ಎಣಿಸಿರಲಿಲ್ಲ. ಇವಳಿಗಿಂತ ಕಡಿಮೆ ಆಗಬಾರ್ದು ಅಂತ ಹೇಳ್ಬಿಟ್ಟೆ," ಎಂದು ಕಿವಿಯ ಹತ್ತಿರ ಕೂಗಿದ. ಗುಟ್ಟು ಬೀದಿಗೆಲ್ಲ ಕೇಳಿಸಿತು.

ಉಳಿದ ಮೂರನ್ನೂ ಓದಿಯಾಯಿತು. ಮೊದಲನೆಯದು 'ಏಳು ಮೆಟ್ಟಿಲ ಗಡಿಯಾರ', ಅಪ್ಪಟ ಪ್ರೋಗ್ರೆಸಿವ್. ಅದರ ತಾಳವನ್ನು ತಟ್ಟೆ, ಕಿಟಕಿ ಎಲ್ಲ ನೋಡಿಯೇ ಎಣಿಸಿದ್ದಳು.

ಪಟ್ಟಿ ಅಂಟಿಸಲು ಅಂಗಡಿಯಾತ ಟೇಪು ಹುಡುಕಿದ, ಸಿಗಲಿಲ್ಲ. ಮೊಮ್ಮಗಳು ಜೇಬಿನಿಂದ ಗುಲಾಬಿ ಮೇಣದ ಉಂಡೆ ತೆಗೆದು, ಬೆರಳ ನಡುವೆ ಬಿಸಿ ಮಾಡಿ, ನಾಲ್ಕು ಮೂಲೆಗೂ ಒತ್ತಿದಳು. ಗಡ್ಡ ಕಾಗದವನ್ನು ನೇರ ಹಿಡಿದುಕೊಂಡ.