ಗಂಗಿಯ ಅವ್ವ

"ಅಲ್ಲೇ ನಿಂತ್ಕಳೇ, ಗೊಣ್ಣೆ ಮುಂಡೇದೇ! ಮಗೀಗೆ ದೃಷ್ಟಿ ತಾಕುಸ್ತೀಯಾ?"

ಬಸವಲಿಂಗಮ್ಮ ಬಾಗಿಲಿನಿಂದ ಕೂಗಿದ್ದಕ್ಕೆ, ಕೊಟ್ಟಿಗೆಯ ಸಗಣಿ ಬಾಚಿ ಬಂದ ಗಂಗಿ ಅಂಗಳದಲ್ಲೇ ನಿಂತಳು. ಜಗಲಿಯ ಕಂಬಕ್ಕೊರಗಿ ಅವಳವ್ವ ರೇವಮ್ಮ, ಬಸವಲಿಂಗಮ್ಮನ ಮೊಮ್ಮಗ ಪಾಲಾಕ್ಷನಿಗೆ ಹಾಲೂಡುತ್ತಿದ್ದಳು. ಸೆರಗಿನಡಿಯಿಂದ ಅವನ ದುಂಡನೆಯ ಕಾಲು ಮಾತ್ರ ಕಾಣುತ್ತಿತ್ತು. ಗಂಗಿಗೆ ಅದನ್ನು ಕಚ್ಚಬೇಕೆನ್ನಿಸಿತು.

ಜರ್ಮನಿ ಯುದ್ಧ ಶುರುವಾದ ವರ್ಷ ಅದು. ಮಲ್ಲಿಪಟ್ಟಣದ ಜಮೀನ್ದಾರ, ಬಸವಲಿಂಗಮ್ಮನ ಮಗ ಈಶ್ವರಯ್ಯನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡ ವಾರವೇ ರೇವಮ್ಮನ ಹಸುಗೂಸೂ ಸತ್ತಿತ್ತು. ಈಶ್ವರಯ್ಯ, ತನ್ನ ಗದ್ದೆ ಗೇಣಿಗೆ ಮಾಡುತ್ತಿದ್ದ ಗಂಗಿಯ ಅಪ್ಪನ ಗುಡಿಸಲ ಮುಂದೆ ನಿಂತು, "ಲೇ ಲಕ್ಕ, ನಿನ್ನೆಂಡ್ರನ್ನ ಹಾಲು ಕುಡ್ಸಕ್ಕೆ ಕಳ್ಸು. ಇಲ್ದಿದ್ರೆ ನನ್ ಗದ್ದೆ ಬುಡು," ಎಂದಿದ್ದ. ಅವತ್ತು ಹೋದ ಅವ್ವ ಮನೆಗೆ ಬಂದಿರಲೇ ಇಲ್ಲ. ಗುಡಿಸಲಿಗೆ ಹೋದರೆ ಹಾಲು ನಂಜಾಗುತ್ತದೆಂದು ಬಸವಲಿಂಗಮ್ಮನ ಕಟ್ಟಪ್ಪಣೆ.

ಆರು ವರ್ಷದ ಗಂಗಿ ಅಪ್ಪ ತೊಳಸಿದ ಹಸಿಹಿಟ್ಟಿನ ಮುದ್ದೆ ನುಂಗಿ, ಅವ್ವನ ಸೀರೆ ಚಿಂದಿ ಚೀಪುತ್ತಾ ಮಲಗುತ್ತಿದ್ದಳು. ಬಿಟ್ಟುಹೋಗಿದ್ದ ಚಾಪೆ ಒದ್ದೆ ಮಾಡುವ ಚಾಳಿ ಮತ್ತೆ ಅಂಟಿತ್ತು. ಪಾಲಾಕ್ಷನೂ ತಮ್ಮನ ಹಾಗೆ ಸತ್ತರೆ ಅವ್ವ ಬರುತ್ತಾಳೆಂದು ದಿನಾ ಮಾರಮ್ಮನಿಗೆ ಕೈಮುಗಿಯುತ್ತಿದ್ದಳು.

ಬಸವಲಿಂಗಮ್ಮ ಒಳಕ್ಕೆ ಹೋದದ್ದೇ ತಡ, ಗಂಗಿ ಜಗಲಿ ಹತ್ತಿ ಆ ಕಾಲನ್ನು ಉಗುರು ನಾಟುವಂತೆ ಜಿಗುಟಿದಳು. ಮಗು ಚಿಟ್ಟನೆ ಚೀರಿತು. ರೇವಮ್ಮ ಹಿಂದುಮುಂದು ನೋಡದೆ ಮಗಳ ಕೆನ್ನೆಗೆ ಬಾರಿಸಿದಳು.

"ಗದ್ದೆ ಕಳೀತೀಯೇನೇ, ಹಾಳಾದೋಳೇ!"

"ಅಂಗೆ ಇನ್ನೊಂದು ಬುಡು ಆ ಶನೀಗೆ," ಎನ್ನುತ್ತಾ ಬಸವಲಿಂಗಮ್ಮ ಓಡಿ ಬಂದಳು.

ಗಂಗಿ ಅಳಲಿಲ್ಲ. ಮುದುಕಿಯ ಪಕ್ಕದಲ್ಲೇ ನುಸುಳಿ, ಒಕ್ಕಲು ಮಕ್ಕಳು ಕಾಲಿಡದ ನಡುಮನೆಗೆ ನುಗ್ಗಿ, ಪಾಲಾಕ್ಷನ ತೊಟ್ಟಿಲು ಹತ್ತಿ ಮಲಗಿಬಿಟ್ಟಳು. ಕಾಲುಗಳು ಹೊರಗೆ ಜೋತಾಡಿದವು.

"ಅವ್ವಾ, ನನ್ನೂ ತೂಗು."

"ಅಯ್ಯಯ್ಯೋ, ತೊಟ್ಲು ಮೈಲಿಗೆಯಾಯ್ತಲ್ಲೋ ಈಶ್ವರಾ!"

ಈಶ್ವರಯ್ಯ ಬಾರುಕೋಲು ಹಿಡಿದು ಬಂದ. "ಲೇ ರೇವಿ, ಆ ದರಿದ್ರಾನ ಇಳುಸ್ತೀಯೋ, ಗದ್ದೆ ಬುಡ್ತೀಯೋ?"

ಮಗುವನ್ನೆತ್ತಿಕೊಂಡು ಬಂದ ರೇವಮ್ಮ ಮಗಳ ಕೆನ್ನೆ ನೋಡಿದಳು. ಅವಳದೇ ಬೆರಳುಗಳು ಅಚ್ಚೊತ್ತಿದ್ದವು. ಪಾಲಾಕ್ಷನನ್ನು ಮೊಲೆಯಿಂದ ಬಿಡಿಸಿ ಮುದುಕಿಯ ತೋಳಿಗೆ ತುರುಕಿ, ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು.

"ಬುಟ್ಟೆ ಕಣಯ್ಯ. ಮಡಿಕ್ಕೋ ನಿನ್ ಗದ್ದೇಯ."

ಬಾರುಕೋಲು ಬೆನ್ನಿಗೆ ಬಿತ್ತು. ರೇವಮ್ಮ ತೊಟ್ಟಿಲ ಹಗ್ಗ ಬಿಡಲಿಲ್ಲ.

ಅಜ್ಜಿಯ ತೋಳಲ್ಲಿ ಕಿರುಚುತ್ತಿದ್ದ ಪಾಲಾಕ್ಷನನ್ನೇ ದಿಟ್ಟಿಸುತ್ತಾ ಗಂಗಿ ಅಂದಳು: "ಇನ್ನೂ ಜೋರಾಗಿ ತೂಗವ್ವಾ."