ಮೂರು ದಿನ ಓದಿದ ಪುಟ

ಟೈಲರಕ್ಕನ ಬೆಳಗು ಶುರುವಾಗುತ್ತಿದ್ದುದು ಅತ್ತೆಯ ಕೂಗಿನಿಂದ.

"ಆರು ಹೊಡೀತು ಕಣೇ, ಪುಸ್ತಕ ತಗೋ!"

ಅತ್ತೆಯ ಕಣ್ಣಿಗೆ ಗಡಿಯಾರ ಕಾಣುತ್ತಿರಲಿಲ್ಲ, ಕಿವಿಗೆ ಅದರ ಸದ್ದು ಮುಟ್ಟುತ್ತಿರಲಿಲ್ಲ. ಆದರೂ ಆರು ಎಂದರೆ ಆರೇ, ಒಂದು ನಿಮಿಷ ಆಚೆಈಚೆ ಆಗುತ್ತಿರಲಿಲ್ಲ. ಟೈಲರಕ್ಕ ಮುಖಕ್ಕೆ ನೀರು ಹಾಕಿಕೊಂಡು, ಹಿಂದಿನ ಕೋಣೆಗೆ ಹೋಗಿ, ಗೋಡೆಗೆ ಒತ್ತಿಕೊಂಡಿದ್ದ ಮಂಚದ ತಲೆಯ ಕಡೆ ಕುರ್ಚಿ ಎಳೆದು ಕೂರುತ್ತಿದ್ದಳು. ಪುಸ್ತಕ ಹಳೆಯದು, ದಿನಕ್ಕೊಂದು ಪುಟದ ಧ್ಯಾನದ್ದು. ರಟ್ಟು ಯಾವ ಕಾಲದಲ್ಲೋ ಕಿತ್ತುಹೋಗಿ, ಅದರ ಹೆಸರೇನು, ಬರೆದವರಾರು ಎಂಬುದು ಯಾರಿಗೂ ನೆನಪಿರಲಿಲ್ಲ. ವರ್ಷ ಮುಗಿದರೆ ಮತ್ತೆ ಮೊದಲ ಪುಟ.

ಅತ್ತೆಗೆ ಕೇಳಿಸಬೇಕಾದರೆ ಗಂಟಲು ಹರಿಯುವಂತೆ ಓದಬೇಕಿತ್ತು. ಟೈಲರಕ್ಕ ಓದುತ್ತಿದ್ದಳು, ಸುಳ್ಳಲ್ಲ. ಆದರೆ ಬಾಯಿ ಓದುತ್ತಿದ್ದರೆ ಮನಸ್ಸು ಮುಂದಿನ ಕೋಣೆಯಲ್ಲಿ ಕಾಜಾ ಹಾಕುತ್ತಿತ್ತು. ಆರು ವರ್ಷದ ಹಿಂದೆ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ದಿನ ಅವಳೊಳಗಿನ ದೀಪವೊಂದು ಆರಿಹೋಗಿತ್ತು. ಚರ್ಚಿಗೆ ಹೋಗುವುದನ್ನು ಬಿಟ್ಟಿರಲಿಲ್ಲ, ಕೈಮುಗಿಯುವುದನ್ನೂ ಬಿಟ್ಟಿರಲಿಲ್ಲ. ದಾರ ಮುಗಿದದ್ದು ಗೊತ್ತಾಗದೆ ಮಷಿನ್ ಬರೀ ತೂತು ಹಾಕುತ್ತಾ ಹೋಗುತ್ತದಲ್ಲ, ಹಾಗೆ ನಡೆದಿತ್ತು ಅವಳ ಭಕ್ತಿ. ಇದು ಅತ್ತೆಗೆ ಗೊತ್ತಿತ್ತೋ ಇಲ್ಲವೋ. ಮಗನನ್ನು ಕಳೆದುಕೊಂಡ ಆ ಮುದುಕಿ ಮಾತ್ರ ಪುಟ ಮುಗಿದಾಗಲೆಲ್ಲ "ಆಮೆನ್" ಎಂದು ಮನೆ ನಡುಗುವಂತೆ ಹೇಳುತ್ತಿದ್ದಳು.

ಗೋಡೆಯಾಚೆಗಿನ ಮನೆ ಬೀಗ ರಿಪೇರಿ ಮಾಡುವವನದು. ಬೀದಿಯವರ ಬಾಯಲ್ಲಿ ಅವನು ಬೀಗದಣ್ಣ. "ಕೈಲಿರೋ ಬೀಗಾನೆಲ್ಲ ತೆಗೀತಾನೆ, ಬಾಯಿಗೆ ಹಾಕ್ಕೊಂಡಿರೋದಕ್ಕೆ ಮಾತ್ರ ಕೀಲಿ ಕಳಕೊಂಡಿದಾನೆ" ಎಂದು ಎದುರುಮನೆಯ ಕ್ಷೌರದವನು ನಗೆಯಾಡುತ್ತಿದ್ದ. ಹೆಂಡತಿ ಇಲ್ಲ. ಹನ್ನೊಂದು ವರ್ಷದ ಮಗಳೊಬ್ಬಳಿದ್ದಳು. ಎರಡು ವರ್ಷದ ಹಿಂದೆ ಅವಳಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ಒಂಬತ್ತನೇ ದಿನ ಖಾಲಿ ಕೈಯಲ್ಲಿ ಅವನೊಬ್ಬನೇ ವಾಪಸು ಬಂದ. ಟೈಲರಕ್ಕ ಅವನ ಬಾಗಿಲಿಗೆ ಹೋಗಿ ನಿಂತಿದ್ದಳು. ಅವನು ತೆಗೆಯಲಿಲ್ಲ. ಸಾವಿನ ಮನೆಯಲ್ಲಿ ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲವಾದ್ದರಿಂದ, ಒಳಗೊಳಗೇ ಹಗುರಾಗಿ ಹಿಂದಿರುಗಿದ್ದಳು.

ಅದಾದ ಕೆಲವೇ ದಿನಗಳಲ್ಲಿ ಗೋಡೆ ಬಡಿಯುವುದು ಶುರುವಾಯಿತು. ಇವಳು ಓದುತ್ತಿದ್ದರೆ ಆಚೆಯಿಂದ ಡಬ್ ಡಬ್ ಎಂದು ಎರಡು ಪೆಟ್ಟು. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ಪಾಪ, ನೊಂದವನು, ಬೆಳಗ್ಗೆಯೇ ಕಿರುಚಾಟ ಕೇಳಿ ರೇಗುತ್ತಾನೆ ಎಂದುಕೊಂಡು ಟೈಲರಕ್ಕ ದನಿ ತಗ್ಗಿಸುತ್ತಿದ್ದಳು. ತಗ್ಗಿಸಿದರೆ ಇತ್ತ ಅತ್ತೆಯ ಗದರಿಕೆ: "ಗಂಟಲಲ್ಲಿ ಹತ್ತಿ ಇಟ್ಕೊಂಡಿದೀಯೇನೆ? ಜೋರಾಗಿ!" ಅತ್ತ ದರಿ, ಇತ್ತ ಪುಲಿ. ಬೀದಿಯಲ್ಲಿ ಬೀಗದಣ್ಣ ಎದುರಾದರೆ ಅವಳು ತಲೆ ಬಗ್ಗಿಸಿಕೊಂಡು ಸರಿದುಹೋಗುತ್ತಿದ್ದಳು.

ಹೀಗೇ ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆ, "ಸ್ವಲ್ಪ ಒರಗ್ತೀನಿ" ಎಂದು ಮಗ್ಗುಲಾದವಳು ಮತ್ತೆ ಏಳಲಿಲ್ಲ. ಸಭಾಪಾಲಕರು ಬಂದರು, ಬೀದಿಯವರು ಹೆಗಲು ಕೊಟ್ಟರು, ಮಣ್ಣಾಯಿತು. ಹೆಗಲು ಕೊಟ್ಟವರಲ್ಲಿ ಬೀಗದಣ್ಣನೂ ಇದ್ದ. ಟೈಲರಕ್ಕನಿಗೆ ಅಳು ಬಂದದ್ದು ಮಾರನೆಯ ದಿನ, ಆರು ಗಂಟೆಗೆ ಯಾರೂ ಕೂಗದಿದ್ದಾಗ. ಆ ಪುಸ್ತಕವನ್ನು ತೆಗೆದು ಲೈನಿಂಗ್ ಬಟ್ಟೆಯ ಕೆಳಗೆ, ಮೇಜಿನ ಖಾನೆಯಲ್ಲಿಟ್ಟಳು. ಇನ್ನು ಯಾರಿಗೆ ಓದುವುದು?

ನಾಲ್ಕು ಬೆಳಗು ಕಳೆದವು. ಐದನೆಯ ಬೆಳಗ್ಗೆ ಆರೂಕಾಲಿಗೆ ಯಾರೋ ಬಾಗಿಲು ತಟ್ಟಿದರು. ಬೀಗದಣ್ಣ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ನಿಂತಿದ್ದ. ಎಣ್ಣೆ ಮತ್ತು ಕಬ್ಬಿಣದ ಕರಿ ಹಿಡಿದ ಬೆರಳುಗಳನ್ನು ಏನು ಮಾಡಬೇಕೆಂದು ತೋಚದೆ ಒಂದರೊಳಗೊಂದು ಹೆಣೆದುಕೊಂಡಿದ್ದ.

"ತಾಯಿ, ಓದೋದು ನಿಲ್ಲಿಸಿಬಿಟ್ಟಿರಾ?"

ಅವಳಿಗೆ ಅರ್ಥವಾಗಲಿಲ್ಲ. "ಅತ್ತೆ ಹೋದ್ರಲ್ಲಣ್ಣ. ಇನ್ಮೇಲೆ ನಿಮಗೆ ತೊಂದರೆ ಇರಲ್ಲ. ಇಷ್ಟು ದಿನ ಸಹಿಸ್ಕೊಂಡ್ರಿ, ಅದೇ ದೊಡ್ಡದು."

"ತೊಂದರೆನಾ?"

"ಗೋಡೆ ಬಡೀತಿದ್ರಲ್ಲ."

ಬೀಗದಣ್ಣ ಅವಳನ್ನೇ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದೊಂದು ಬಂದು, ಅರ್ಧಕ್ಕೇ ನಡುಗಿ ನಿಂತಿತು. "ಕೇಳಿಸ್ತಿಲ್ಲ, ಜೋರಾಗಿ ಓದಿ ಅಂತ ಬಡೀತಿದ್ದೆ ತಾಯಿ. ನಾನು ಬಡಿದಷ್ಟೂ ನೀವು ಮೆಲ್ಲಗೆ ಓದ್ತಿದ್ರಿ. ಆಮೇಲೆ ಲೋಟ ಗೋಡೆಗೆ ಇಟ್ಟು ಕಿವಿ ಒತ್ತಿ ಕೇಳ್ತಿದ್ದೆ."

ಟೈಲರಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಒಳಗೆ ಬನ್ನಿ ಅಣ್ಣ" ಎಂದಳು. 

ಅವನು ಕತ್ತರಿ ಮೇಜಿನ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತ. ಮಾತಿಗೆ ತಡಕಾಡಿದ. ಆಡಿ ಅಭ್ಯಾಸವಿಲ್ಲದ ಬಾಯಿ.

"ನನಗೆ ಓದು ಬರಲ್ಲ. ನಿಮ್ಮ ದೇವರ ಪರಿಚಯಾನೂ ಇರಲಿಲ್ಲ. ಮಗಳನ್ನ ಮಣ್ಣು ಮಾಡಿ ಬಂದ ಮೂರನೇ ದಿನ ಬೆಳಗ್ಗೆ, ಸಾಕು, ಎಲ್ಲಾ ಮುಗಿಸಿಬಿಡೋಣ ಅಂತ ಕೂತಿದ್ದೆ. ಹೆಂಗೆ, ಏನು ಅಂತ ಕೇಳಬೇಡಿ. ಬಾಗಿಲಿಗೆ ಒಳಗಿಂದ ಮೂರು ಬೀಗ ಹಾಕಿದ್ದೆ, ಯಾರೂ ಬರಬಾರದು ಅಂತ. ನನ್ನ ಕೈಯಾರೆ ಮಾಡಿದ ಬೀಗ, ಅವನ್ನ ಬೇರೆಯವರು ತೆಗೆಯೋಕಾಗಲ್ಲ. ಆಗ ನಿಮ್ಮ ದನಿ ಕೇಳಿಸ್ತು."

"ಆವತ್ತು ನಾನು ಏನು ಓದ್ತಿದ್ದೆ?"

ಅವನು ಕಣ್ಣು ಮುಚ್ಚಿದ. ಆಮೇಲೆ ಹೇಳತೊಡಗಿದ. ಒಡೆಯನನ್ನು ಕೊಂದವರಿಗೆ ಅಂಜಿ, ಶಿಷ್ಯರು ಬಾಗಿಲು ಭದ್ರಮಾಡಿಕೊಂಡು ಕುಳಿತಿದ್ದರು. ಸತ್ತು ಸಮಾಧಿಯಾಗಿದ್ದ ಆತ ಎದ್ದು ಬಂದು ಅವರ ನಡುವೆ ನಿಂತ. ಬಾಗಿಲು ಮುರಿಯಲಿಲ್ಲ, ತೆಗೆಯಿರಿ ಎಂದು ಕೂಗಲಿಲ್ಲ, ನನ್ನನ್ನು ಬಿಟ್ಟು ಓಡಿದಿರಲ್ಲ ಎಂದು ಗದರಲಿಲ್ಲ. ಗಾಯದ ಕೈಗಳನ್ನು ತೋರಿಸಿ ಸಮಾಧಾನ ಹೇಳಿದ. ನೀನು ಒಳಗಿನಿಂದ ಹಾಕಿಕೊಂಡ ಅಗಳಿ ನಿನ್ನನ್ನು ಮನುಷ್ಯರಿಂದ ಮರೆಮಾಡೀತು, ಆತನಿಂದ ಅಲ್ಲ.

ಒಂದು ಪದ ತಪ್ಪಿರಲಿಲ್ಲ. ಪುಸ್ತಕದ ಗ್ರಾಂಥಿಕ ಮಾತು ಆ ಕಬ್ಬಿಣದ ಕೆಲಸದವನ ಬಾಯಲ್ಲಿ ಅವನ ಸ್ವಂತದ್ದೆಂಬಂತೆ ಬಂತು.

"ಮೂವತ್ತು ವರ್ಷದಿಂದ ಬೀಗದ ಕೆಲಸ ಮಾಡ್ತಿದೀನಿ ತಾಯಿ. ಕೀಲಿ ಇಲ್ಲದೆ, ಬೀಗ ಮುರೀದೆ ಒಳಗೆ ಬಂದೋನನ್ನ ನಾನು ಕೇಳೇ ಇರಲಿಲ್ಲ. ಯಾರಪ್ಪ ಇವನು ಅಂತ ಕೂತಲ್ಲೇ ಕೂತೆ. ಆ ದಿನ ಹೋಯ್ತು. ಮಾರನೇ ದಿನ ಮತ್ತೆ ಅದೇ ಯೋಚನೆ ಬಂತು. ನೀವು ಮತ್ತೆ ಅದೇ ಓದಿದ್ರಿ! ಅದರ ಮಾರನೇ ದಿನಾನೂ ಅದೇ! ಮೂರು ಬೀಗಕ್ಕೆ ಮೂರು ದಿನ. ಇದು ನನಗೇ ಹೇಳ್ತಿರೋದು ಅಂತ ಗೊತ್ತಾಗೋಯ್ತು. ಎದ್ದು ಬಾಗಿಲು ತೆಗೆದೆ. ಬಿಸಿಲಿತ್ತು."

ಟೈಲರಕ್ಕನಿಗೆ ನೆನಪಾಗಿತ್ತು.

ಅದು ಶಾಲೆಯ ಸಮವಸ್ತ್ರಗಳ ರಾಶಿ ಮೈಮೇಲೆ ಬಿದ್ದಿದ್ದ ವಾರ. ಹದಿಮೂರನೇ ತಾರೀಖು ಅತ್ತೆಗೆ ಸಕ್ಕರೆ ಹಾಕಿದ ಹಾಲು ಕುಡಿಸುವಾಗ ಲೋಟ ಜಾರಿ ಪುಸ್ತಕದ ಮೇಲೆ ಚೆಲ್ಲಿತ್ತು. ಒರೆಸಿ ಮುಚ್ಚಿಟ್ಟಿದ್ದಳು. ಮಾರನೆಯ ಬೆಳಗ್ಗೆ ಹಾಳೆ ತಿರುಗಿಸಿದರೆ ಹದಿನಾಲ್ಕೂ ಹದಿನೈದೂ ಒಂದಕ್ಕೊಂದು ಅಂಟಿಕೊಂಡು, ಎದುರಿಗೆ ಬಂದದ್ದು ಹದಿನಾರರ ಪುಟ. ಬಿಡಿಸಲು ಪುರುಸೊತ್ತಿಲ್ಲದೆ ಅದನ್ನೇ ಓದಿದಳು. ಮಾರನೇ ದಿನವೂ ಅದನ್ನೇ. ಮೂರನೇ ದಿನ ಅದರ ಸರದಿಯೇ ಬಂದಿತ್ತು. ಅತ್ತೆ ಹುಬ್ಬೇರಿಸಿ, "ಏನೇ, ಇದು ನಿನ್ನೇನೂ ಓದಿದ್ದಲ್ವಾ?" ಎಂದು ಕೇಳಿದ್ದಳು. "ದೊಡ್ಡ ವಿಷಯ ಅತ್ತೆ, ಮೂರು ದಿನಕ್ಕೂ ಇದೇ ಅಂತ ಬರೆದಿದಾರೆ" ಎಂದು ಹಾಡುಹಗಲೇ ಸುಳ್ಳು ಹೇಳಿದ್ದಳು ಇವಳು.

ಅದನ್ನು ಬೀಗದಣ್ಣನಿಗೆ ಹೇಳುವ ಧೈರ್ಯ ಅವಳಿಗೆ ಆಗ ಬರಲಿಲ್ಲ. "ನಾಳೆ ಆರಕ್ಕೆ ಬನ್ನಿ ಅಣ್ಣ. ಗೋಡೆ ಆಚೆ ಬೇಡ, ಇಲ್ಲೇ ಕೂತು ಕೇಳಿ" ಎಂದಷ್ಟೇ ಹೇಳಿ ಕಳಿಸಿದಳು.

ಅವನು ಹೋದ ಮೇಲೆ ಖಾನೆಯಿಂದ ಪುಸ್ತಕ ತೆಗೆದಳು. ಆ ಹಾಳೆಗಳು ಎರಡು ವರ್ಷದಿಂದ ಅಂಟಿಕೊಂಡೇ ಇದ್ದವು; ಮರುವರ್ಷ ಆ ದಿನಗಳು ಬಂದಾಗಲೂ ಹದಿನಾರನ್ನೇ ಓದಿ ದಾಟಿಸಿದ್ದಳು. ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಒದ್ದೆ ಬಟ್ಟೆಯ ಮೇಲೆ ಒತ್ತಿ, ಏಳುವ ಹಬೆಗೆ ಹಾಳೆಗಳನ್ನು ಹಿಡಿದಳು. ರೇಷ್ಮೆಯ ಹೊಲಿಗೆ ಬಿಚ್ಚುವಾಗಿನ ಎಚ್ಚರದಲ್ಲಿ ಮೂಲೆಯಿಂದ ಮೆಲ್ಲಗೆ ಬಿಡಿಸಿದಳು. ಹಳೆಯ ಹಾಲಿನ ವಾಸನೆ ಬಂತು. ಅಕ್ಷರ ಒಂದಿಷ್ಟು ಮಾಸಿದ್ದರೂ ಓದುವಂತಿತ್ತು.

ಹದಿನಾಲ್ಕರ ಪುಟದಲ್ಲಿ ಮೆಟ್ಟಿಲ ಮೇಲೆ ಮಗುವಿನ ಹೆಜ್ಜೆ ಸದ್ದು ಕೇಳಿ ಹಿಗ್ಗುವ ತಂದೆಯೊಬ್ಬನಿದ್ದ. ಈ ಬೆಳಗ್ಗೆ ನಿನ್ನ ಮಗುವನ್ನು ಹತ್ತಿರ ಕರೆದು ಅದರ ತಲೆಯ ಮೇಲೆ ಕೈಯಿಟ್ಟು ದೇವರನ್ನು ಸ್ತುತಿಸು, ಎಂದು ಪುಟ ಮುಗಿದಿತ್ತು. ಹದಿನೈದರದು ಜ್ವರದಿಂದ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗಿಯ ಕಥೆ.

ಟೈಲರಕ್ಕ ಪುಸ್ತಕವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವು ಒಳ್ಳೆಯ ಪುಟಗಳೇ. ಬೇರೆ ಯಾವ ಮನೆಗಾದರೂ ಜೇನಿನಂಥವು. ಆದರೆ ಆ ಎರಡು ಬೆಳಗು, ಗೋಡೆಯಾಚೆ ಹಾಗೆ ಕೂತಿದ್ದವನ ಕಿವಿಗೆ ಇವು ಬಿದ್ದಿದ್ದರೆ? ಓದಿದವಳಿಗೆ ನಂಬಿಕೆ ಇರಲಿಲ್ಲ. ಕೇಳಲು ಕೂತ ಅತ್ತೆಗೆ ಅರ್ಧಂಬರ್ಧ ಕಿವಿ. ಯಾರಿಗೆ ಮುಟ್ಟಬೇಕಿತ್ತೋ ಅವನು ಕೇಳುತ್ತಿದ್ದಾನೆಂದೇ ಇಬ್ಬರಿಗೂ ತಿಳಿಯದು. ಹೀಗಿರುವಾಗ ಒಂದು ಲೋಟ ಹಾಲು, ಪುರುಸೊತ್ತಿಲ್ಲದ ಒಬ್ಬ ಸೊಸೆ, ಒಂದು ಸುಳ್ಳು, ಇಷ್ಟೇ ಚಿಂದಿಬಟ್ಟೆ ಸಾಕಾಗಿತ್ತು ದೇವರಿಗೆ. ಅಷ್ಟರಲ್ಲೇ ಒಬ್ಬ ಮನುಷ್ಯನ ಮೈಯಳತೆಗೆ ಸರಿಯಾಗಿ ಹೊಲಿದುಬಿಟ್ಟಿದ್ದ.

ಆರು ವರ್ಷದಿಂದ ಅವಳು ಒಂದೇ ಪ್ರಶ್ನೆ ಹಿಡಿದಿದ್ದಳು: ನನ್ನ ಗಂಡ ಬೀಳುವಾಗ ನೀನೆಲ್ಲಿದ್ದೆ? ಅದಕ್ಕೆ ಉತ್ತರ ಈಗಲೂ ಸಿಕ್ಕಿರಲಿಲ್ಲ. ಆದರೆ ಇಷ್ಟು ದಿನ ಖಾಲಿ ಆಕಾಶಕ್ಕೆ ಕೇಳುತ್ತಿದ್ದೇನೆ ಎಂದುಕೊಂಡಿದ್ದಳು. ಈಗ, ಯಾರನ್ನು ಕೇಳುತ್ತಿದ್ದಳೋ ಆತ ದಿನಾ ಬೆಳಗ್ಗೆ ಆರಕ್ಕೆ ಈ ಎರಡು ಕೋಣೆಯ ಮನೆಯಲ್ಲಿ, ಅವಳ ಉಸಿರು ತಾಗುವಷ್ಟು ಹತ್ತಿರ ಇದ್ದನೆಂದು ತಿಳಿಯಿತು. ಅವಳಿಗೆ ಭಯವಾಯಿತು. ಬೆನ್ನು ತಿರುಗಿಸಿ ಓಡಿಸುವ ಭಯವಲ್ಲ, ಮೊಣಕಾಲೂರಿಸುವ ಭಯ. ದಾರದ ತುಣುಕುಗಳು ಚೆಲ್ಲಿದ್ದ ನೆಲದ ಮೇಲೆಯೇ ಅವಳು ಮೊಣಕಾಲೂರಿದಳು. ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲ. "ಇಲ್ಲೇ ಇದ್ಯಾ? ಇಲ್ಲೇ ಇದ್ಯಾ?" ಎಂದಷ್ಟೇ ಮತ್ತೆ ಮತ್ತೆ ಹೇಳಿದಳು.

ಎಷ್ಟು ಹೊತ್ತು ಹಾಗಿದ್ದಳೋ. ರವಿಕೆ ಒಯ್ಯಲು ಬಂದ ಗಿರಾಕಿಯೊಬ್ಬಳು, "ಏನಕ್ಕ, ಸೂಜಿ ಕಳೀತಾ? ನಾನೂ ಹುಡುಕ್ಲಾ?" ಎಂದಾಗಲೇ ಅವಳು ಎದ್ದದ್ದು. ಅಳುತ್ತಲೇ ಅವಳಿಗೆ ನಗು ಬಂತು.

ಮರುದಿನ ಬೆಳಗ್ಗೆ ಬೀಗದಣ್ಣ ಬಂದ. ಟೈಲರಕ್ಕ ಅತ್ತೆಯ ಖಾಲಿ ಮಂಚದ ಬಳಿ ಅವನಿಗೊಂದು ಕುರ್ಚಿ ಹಾಕಿದಳು. ಮೊದಲು ಹಾಲಿನ ವಿಷಯ, ಸುಳ್ಳಿನ ವಿಷಯ, ತಾನು ನಂಬದೇ ಓದುತ್ತಿದ್ದ ವಿಷಯ, ಒಂದನ್ನೂ ಮುಚ್ಚಿಡದೆ ಹೇಳಿದಳು. ಅಂಟಿದ್ದ ಪುಟಗಳಲ್ಲಿ ಏನಿತ್ತೆಂದೂ ಹೇಳಿದಳು. ಅವನು ಕೈ ಚಾಚಿ, ಆ ಹಾಲಿನ ಕಲೆಯನ್ನು ಒಂದು ಬೆರಳಿನಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿದ.

"ಓದಿ ತಾಯಿ."

ಅವಳು ಆ ದಿನದ ಪುಟ ತೆಗೆದಳು. ಎಷ್ಟೋ ವರ್ಷಗಳಿಂದ ಬಾಯಿಪಾಠದಂತೆ ಒದರಿದ್ದ ಪುಟ. ಮೊದಲ ಸಾಲು ಓದಿದಳು. ಎರಡನೆಯದನ್ನು ಓದುವಷ್ಟರಲ್ಲಿ ಮಾತು ಒಳಕ್ಕಿಳಿದು ಎದೆಗೆ ತಾಗಿತು. ಅಕ್ಷರಗಳೆಲ್ಲ ನೀರಲ್ಲಿ ಅದ್ದಿದಂತೆ ಕಲಸಿಹೋದವು.

ಅವಳು ಓದು ನಿಲ್ಲಿಸಿದಲ್ಲಿಂದ ಬೀಗದಣ್ಣ ಮುಂದುವರಿಸಿದ. ಪುಸ್ತಕ ನೋಡಲಿಲ್ಲ, ನೋಡಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ. ನಿಧಾನವಾಗಿ, ಒಂದೊಂದೇ ಪದವನ್ನು ಅದರ ಜಾಗದಲ್ಲಿ ಕೂರಿಸುತ್ತಾ ಹೇಳುತ್ತಾ ಹೋದ. ಟೈಲರಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಮೊಟ್ಟಮೊದಲ ಸಲ, ಸುಮ್ಮನೆ ಕೂತು ಕೇಳಿದಳು.