ಕುಂಕುಮದ ಕೆಳಗಿನ ಬಟನ್

ಮೋಡೆಮ್ ಕಿರುಚುತ್ತಿದೆ, ಕುತ್ತಿಗೆ ಹಿಚುಕಿದ ಕೋಳಿಯ ಹಾಗೆ ಕೀಂ ಎಂದು, ಆಮೇಲೆ ಗೊರಗೊರ, ಆಮೇಲೆ ಏನೂ ಇಲ್ಲ, ಮತ್ತೆ ಮೊದಲಿನಿಂದ — ಗೋಡೆಯ ಗಡಿಯಾರದಲ್ಲಿ ನಾಲ್ಕು ಹದಿನೆಂಟು, ಐದಕ್ಕೆ ಟ್ರಸ್ಟಿನವರು ದಾದಿ ತರಬೇತಿಯ ಅರ್ಜಿ ನಿಲ್ಲಿಸುತ್ತಾರೆ, ಅಕ್ಕನಿಗೆ ಬರುವ ತಿಂಗಳು ಮೂವತ್ತೈದು ತುಂಬುತ್ತದೆ, ತುಂಬಿದ ಮೇಲೆ ಅರ್ಜಿಯೂ ಇಲ್ಲ ಏನೂ ಇಲ್ಲ, ಈ ದರಿದ್ರ ಮೋಡೆಮ್ಮಿಗೆ ಅದೆಲ್ಲ ಗೊತ್ತಿಲ್ಲ, ನನ್ನ ಮಾನಿಟರ್ ಗಾಜಿನ ಮೇಲೆ ಹೆಸರುಕಾಳಿನಷ್ಟು ಕುಂಕುಮದ ಬೊಟ್ಟು, ಮಹಾನವಮಿಯ ಪೂಜೆಯದು, ಅದು ಇಟ್ಟಲ್ಲೇ ಇದೆ, ಅದರ ಕೆಳಗೆ ಅರ್ಜಿಯ ಪುಟದಲ್ಲಿದ್ದ ಕಳಿಸು ಬಟನ್ ಈಗ ಅಲ್ಲಿಲ್ಲ, ಯಾರು ಸರಿಸಿದರು, ನಾನೇ, ಎರಡೂವರೆಗೆ, ಮಂಡಕ್ಕಿ ಮಿರ್ಚಿ ತಿಂದ ಎಣ್ಣೆಗೈಯಲ್ಲಿ, ಒಂದೇ ನಿಮಿಷದಲ್ಲಿ. ಸಾಮಾನ್ಯ ಬಟನ್ ಅಲ್ಲ ಅದು, ಇಂಥದ್ದು ತುಂಗಭದ್ರೆಯ ಈಚೆಗೂ ಆಚೆಗೂ ಇನ್ನೊಂದಿಲ್ಲ, ಬೇರೆಯವರು ವೆಬ್ ಪುಟಕ್ಕೊಂದು ಬಟನ್ ಕುಯ್ದು ಅಂಟಿಸುತ್ತಿದ್ದಾಗ ನಾನು ಒಂದೇ ಕಡತದಲ್ಲಿ ಒಂದೇ ಬಟನ್ ಬರೆದೆ, ಹೆಸರು ಕೊಟ್ಟರೆ ಹೆಸರು ಹೊತ್ತುಕೊಳ್ಳುತ್ತದೆ, ಬಣ್ಣ ಕೊಟ್ಟರೆ ಬಳಿದುಕೊಳ್ಳುತ್ತದೆ, ಕಳಿಸು ಅಂದರೆ ಕಳಿಸುತ್ತದೆ, ಖಾಲಿ ಮಾಡು ಅಂದರೆ ತುಂಬಿದ್ದೆಲ್ಲ ಖಾಲಿ ಮಾಡುತ್ತದೆ, ನಾನೂರು ಪುಟ ಅದೊಂದನ್ನೇ ಕರೆಯುತ್ತವೆ — ಆಯಿತು, ನಲವತ್ತು — ಇಲ್ಲಿ ಕೊಟ್ಟೂರಿನಲ್ಲಿ ಕೂತು ಒಂದು ಸಾಲು ತಿದ್ದಿದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಸೆಂಟರ್ ಇರುವ ಎಲ್ಲ ಊರಲ್ಲೂ ಬಟನ್ ತಿದ್ದಿಕೊಳ್ಳುತ್ತದೆ, ದೇವರಿಗೂ ಮಳೆಯನ್ನು ಹೀಗೆ ಒಂದೇ ಸಲ ಐದೂರಿಗೆ ಬಿಡಲು ಬರುವುದಿಲ್ಲ ಎಂದು ನಾನು ಹೇಳದ ಚಹಾದಂಗಡಿ ಉಳಿದಿಲ್ಲ. ಆದರೆ ಬಟನ್ ಅಂದಮೇಲೆ ಎಲ್ಲರಿಗೂ ಒಂದು ಮಾತು ಆಡಲೇಬೇಕು, ಕೂಡ್ಲಿಗಿ ಸೆಂಟರಿನ ಪಾಲಾಕ್ಷನಿಗೆ ಅದು ಸಣ್ಣದು, ಲೇ ಮೌನೇಶಾ, ಇದೇನು ಅಂಗಿ ಗುಂಡಿಯೇನಲೇ, ಹರಪನಹಳ್ಳಿಯವರಿಗೆ ಹಸಿರು ಬೇಕು, ಮಾರನೆಯ ದಿನ ಹಸಿರು ಬೇಡ, ಇವತ್ತು ಊಟದ ಹೊತ್ತಿಗೆ ಸೆಂಟರಿನ ಯಜಮಾನ ಪಂಚಾಕ್ಷರಪ್ಪ ಕನ್ನಡಕ ಹಣೆಗೇರಿಸಿ, ಕಳಿಸೋದು ಎಡಕ್ಕ ಐತಲ್ಲಪ್ಪಾ, ಎಡಗೈಲೆ ಕೊಟ್ಟಂಗ ಕಾಣ್ತತಿ, ಬಲಕ್ಕ ಹಾಕು, ನಾನು ಚಿಟಿಕೆ ಹೊಡೆದು, ಒಂದು ನಿಮಿಷ ಯಜಮಾನ್ರ, ಐದೂ ಊರು ನೋಡ್ತಿರ್ರಿ, ಕಳಿಸು ಬಲಕ್ಕೆ ಬಂತು, ಖಾಲಿ ಮಾಡು ಎಡಕ್ಕೆ ಹೋಯಿತು, ಯಾರಿಗೂ ಫೋನ್ ಮಾಡಲಿಲ್ಲ, ಮಹಾರಾಜರು ಯಾರಿಗಾದರೂ ಹೇಳಿ ಮಾಡುತ್ತಾರೆಯೇ, ಸಿಕ್ಕಿತು, ಲೈನ್ ಸಿಕ್ಕಿತು, ಅಯ್ಯೋ, ಕಡಿಯಿತು.

ಬೊಟ್ಟಿನ ಐಡಿಯಾವೂ ನನ್ನದೇ. ಪೂಜೆಯ ದಿನ ಉಳಿದ ನಾಲ್ಕೂರಿಗೂ ಫೋನ್ ಮಾಡಿ, ಕಂಪ್ಯೂಟರಿಗೆ ಎಲ್ಲೆಲ್ಲೋ ಬಳಿಬ್ಯಾಡ್ರಿ, ಗಾಜಿನ ಮ್ಯಾಲೆ ಕಳಿಸು ಕಾಣೋ ಕಡೆ ಇಡ್ರಿ, ದುಡಿಯೋದು ಅದೊಂದ, ಎಂದು ನಗೆಯಾಡಿದ್ದೆ, ಎಲ್ಲರೂ ಭಕ್ತಿಯಿಂದ ಇಟ್ಟರು, ಹಡಗಲಿಯ ಆ ಮುದಿ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಬರುವುದಿಲ್ಲ, ಎರಡು ಬಟನ್ನಿನ ಮೇಲೂ ಬರೀ ಚೌಕ ಚೌಕ, ಅಲ್ಲಿ ಕೂರುವ ನನ್ನಕ್ಕ ಬೊಮ್ಮಮ್ಮನಿಗೆ ತುಂಬುವ ಕ್ರಮ ಬಾಯಿಪಾಠ, ಒತ್ತಲು ಆ ಬೊಟ್ಟೇ ಗುರುತು, ಮೌಸಿನ ಬಾಣ ತಂದು ಕುಂಕುಮಕ್ಕೆ ಮುಟ್ಟಿಸುವುದು, ಒತ್ತುವುದು, ಹೋಯಿತು, ಬೆಳಗಿನಿಂದ ಊರ ಹುಡುಗಿಯರ ಮೂವತ್ತೆಂಟು ಅರ್ಜಿ ಹಾಗೇ ಕಳಿಸಿದಳು, ತನ್ನದು ಕೊನೆಗೆ, ಯಾವಾಗಲೂ ಕೊನೆಗೇ, ಎರಡು ಸಲ ತುಂಬಿ ಎರಡು ಸಲ ಬೊಟ್ಟಿನ ಮೇಲೆ ಒತ್ತಿ ಎರಡು ಸಲವೂ ಖಾಲಿಯಾಗಿ, ಈಗ ಹತ್ತು ನಿಮಿಷದ ಹಿಂದೆ ಫೋನ್. ಲೇ ಮೌನ್ಯಾ, ಎಲ್ಲಾರದೂ ಹೋತು, ನನ್ನದಕ್ಕೇನು ಬ್ಯಾರೆ ಬಟನ್ ಇಟ್ಟೀಯೇನು. ಬಲಗಡೆದು ಒತ್ತಕ್ಕಾ. ಯಾಕ, ಇಷ್ಟೊತ್ತನಕ ಇದ ಕೆಲಸ ಮಾಡ್ತಲ್ಲ. ಹೇಳಿದ್ದು ಮಾಡಬೇ, ಹೊತ್ತಿಲ್ಲ, ಕೈ ಅಲ್ಲಿಗೇ ಹೋಗತಿದ್ರ ಆ ಕುಂಕುಮ ಒರೆಸಿ ಒಗಿ — ಅಂದೆ. ಅಂದುಬಿಟ್ಟೆ. ಫೋನಿನಲ್ಲಿ ಹಡಗಲಿಯ ಬಸ್ಸೊಂದು ಹಾರ್ನ್ ಹೊಡೆದದ್ದು ಕೇಳಿತು. ನಾಲ್ಕು ವರ್ಷದ ಹಿಂದೆ ಭಾವ ಹೋದಾಗ ಹಿತ್ತಲಲ್ಲಿ ನಾಗಲಿಂಗತ್ತೆ ಅವಳಿಗೆ ಇದೇ ಮಾತು ಹೇಳಿದ್ದು, ನಾನು ಬಾಗಿಲಲ್ಲಿ ನಿಂತಿದ್ದೆ, ಸೆರಗಿನ ತುದಿಯಲ್ಲಿ ಅವಳೇ ಹಣೆ ಒರೆಸಿಕೊಂಡಳು, ಆಮೇಲೆ ಕುಂಕುಮದ ಭರಣಿ ಮುಟ್ಟಿದ್ದನ್ನು ಯಾರೂ ನೋಡಿಲ್ಲ, ಫೋನಿನಲ್ಲಿ ಅವಳು ಈಗ ಮೆಲ್ಲಗೆ, ಪೂಜಿ ದಿನ ಸೆಂಟರಿನಾಗ ಯಾರೂ ಇರಲಿಲ್ಲಲೇ, ನೀ ಇಡು ಅಂದಿ, ನಾನ ಇಟ್ಟೆ. ನಾ ಇಟ್ಟಿದ್ದಕ್ಕ ಹಿಂಗಾತೇನೋ. ನನ್ನದ ಯಾಕ ಹೋಗವಲ್ದು.

ಹೇಳಬೇಕಿತ್ತು, ಅಕ್ಕಾ, ತಪ್ಪು ನಂದು, ಎರಡೂವರೆಗೆ ನಾನೇ ಸರಿಸಿದೆ, ಇಷ್ಟೇ ಮಾತು, ಚಹಾದಂಗಡಿಯಲ್ಲಿ ದಿನಕ್ಕೆ ಹತ್ತು ಸಾವಿರ ಮಾತಾಡುವ ಬಾಯಿ ಇದು, ಬರಲಿಲ್ಲ, ಹಾಳಾದ್ದು ಬರಲಿಲ್ಲ, ಫೋನ್ ಇಡು, ಲೈನ್ ಬೇಕು, ಇನ್ನೊಮ್ಮೆ ಕುಂತು ತುಂಬು, ಐದಕ್ಕ ಐದು ನಿಮಿಷ ಇರೋವಾಗ ಪುಟ ಹೊಸದಾಗಿ ತೆರೆದು — ಥೂ, ಪುಟ ಹೊಸದಾಗಿ ತೆರೆದರೆ ತುಂಬಿದ್ದು ಹೋಗುತ್ತದೆ, ಇಲ್ಲ, ಹಾಗಲ್ಲ, ಹಂಗಲ್ಲಕ್ಕಾ, ಇಪ್ಪತ್ತು ನಿಮಿಷ ಸುಮ್ಮನ ಕುಂದ್ರು, ಆಮ್ಯಾಲೆ ತೆರೆದು ತುಂಬು, ಅಲ್ಲೇ ಒತ್ತು, ನೀ ಇಟ್ಟಲ್ಲೇ ಒತ್ತು, ಎಂದು ಫೋನ್ ಕುಕ್ಕಿದೆ, ಬಲಗಡೆ ಒತ್ತಿದ್ದರೂ ಅರ್ಜಿ ಹೋಗುತ್ತಿತ್ತು, ಆದರೆ ಅವಳ ಬೊಟ್ಟಿನ ಮೇಲೆ ಹೋಗುತ್ತಿರಲಿಲ್ಲ, ಅವಳು ಇಟ್ಟದ್ದೇ ತಪ್ಪು ಎಂದು ಉಳಿದುಬಿಡುತ್ತಿತ್ತು. ಸಿಕ್ಕಿತು ಲೈನ್. ಕಡತ ಹೊರಟಿದೆ, ಕಾಲು ಭಾಗ, ಅರ್ಧ, ಎರಡು ಪುಟದಷ್ಟಿಲ್ಲದ ಕಡತ, ಕೊಟ್ಟೂರಿನಿಂದ ಹಡಗಲಿಗೆ ಎತ್ತಿನ ಗಾಡಿಯಲ್ಲಿ ಕಳಿಸಿದ್ದರೂ ಇಷ್ಟು ಹೊತ್ತಿಗೆ ತಲುಪಿ ಎತ್ತು ನೀರು ಕುಡಿಯುತ್ತಿದ್ದವು, ಮುಕ್ಕಾಲು, ಮುಗಿಯಿತು, ನಾಲ್ಕು ಇಪ್ಪತ್ತೇಳು, ಒಂದು ಸಾಲು ತಿರುಗಿಸಿದ್ದಕ್ಕೆ ಐದೂರಿನ ಬಟನ್ ಬೊಟ್ಟಿನ ಕೆಳಕ್ಕೆ ವಾಪಸ್, ಪಂಚಾಕ್ಷರಪ್ಪ ಒಳಗಿನ ಕೋಣೆಯಿಂದ, ಯಾಕಪ್ಪಾ, ಮತ್ತ ಎಡಗೈಗೆ ಬಂತಲ್ಲ, ಇರ್ಲಿ ಬಿಡ್ರಿ ಯಜಮಾನ್ರ, ಇವತ್ತೊಂದಿನ, ನನ್ನ ಬಾಯಿಂದ ಇಷ್ಟು ಸಣ್ಣ ಮಾತು ಬಂದದ್ದಕ್ಕೆ ಅವರೇ ಎದ್ದು ಬಂದು ನನ್ನ ಮುಖ ನೋಡಿ ಹೋದರು. ಹೋದ ಅರ್ಜಿಗಳ ಲೆಕ್ಕದ ಪುಟ ತೆರೆದಿದೆ, ಹಡಗಲಿ ಮೂವತ್ತೆಂಟು. ನಾಲ್ಕು ನಲವತ್ತು, ಮೂವತ್ತೆಂಟು. ನಲವತ್ತೊಂಬತ್ತು, ಮೂವತ್ತೆಂಟು, ತುಂಬುತ್ತಿದ್ದಾಳೆ, ತಂದೆಯ ಹೆಸರು, ಗಂಡನ ಹೆಸರು, ಅಲ್ಲಿ ಅವಳ ಬೆರಳು ನಿಂತಿರಬೇಕು, ಐವತ್ತೈದು, ಮೂವತ್ತೆಂಟು, ಒತ್ತೇ ಅಕ್ಕಾ, ಐವತ್ತೇಳು, ಮೂವತ್ತೊಂಬತ್ತು.

ಲೈನ್ ಕಡಿದ ಕೂಡಲೇ ಫೋನ್ ಬಡಿದುಕೊಂಡಿತು, ಹೋತಲೇ ತಮ್ಮಾ, ನಾ ಇಟ್ಟಲ್ಲೇ ಒತ್ತಿದೆ, ಹೋತು, ಅವಳ ದನಿ ಮದುವೆಗೆ ಮುಂಚಿನದು, ಈಗ ಹೇಳಬಹುದು, ಈಗಲಾದರೂ, ಸರಿಸಿದ್ದು ನಾನು, ತಂದಿಟ್ಟದ್ದೂ ನಾನು, ಎಂಥ ಬಟನ್ ನೋಡು ಎಂದು ಎದೆ ತಟ್ಟಿಕೊಳ್ಳಬಹುದು, ಬಾಯಿ ತೆರೆದಿದ್ದೇನೆ, ಎದುರಿಗೆ ಗಾಜು, ಗಾಜಿನ ಮೇಲೆ ಬೊಟ್ಟು, ಹೂಂ ಅಕ್ಕಾ, ನೀ ಇಟ್ಟಲ್ಲೇ ಹೋತು, ಅಂಚು ಒಣಗಿ ಉದುರಿದೆ, ನಡುವೆ ಮಾತ್ರ ಕೆಂಪು, ಹೂಂ, ಕೆಂಪು ಬೊಟ್ಟು, ಹಡಗಲಿಯ ಗಾಜಿನ ಮೇಲೆ ಅವಳ ಬೆರಳು ಇಟ್ಟಂಥದ್ದೇ ಬೊಟ್ಟು